ಸರಸೋತಿಯ ಊರಿಗೆ ಮಳೆಗಾಲದಲ್ಲೇ ಬನ್ನಿ

ಕುಂದಾಪುರ
ಜುಲೈ, ಶನಿವಾರ ರಾತ್ರಿ

ಪ್ರೀತಿಯ ಅಕ್ಕ,

ಅಮ್ಮನನ್ನು ಕರೆದುಕೊಂಡು ಶಿವರಾಮ ಕಾರಂತರ ಊರುಗಳನ್ನು ನೋಡಲು ಡಿಸೆಂಬರ್ ರಜೆಗೆ ಬರುತ್ತೇವೆ ಎಂದು ಬರೆದಿದ್ದೀಯ. ಡಿಸೆಂಬರ್ ಬೇಡ. ಆಗಸ್ಟಿನಲ್ಲೇ, ಮಳೆ ಇರುವಾಗಲೇ ಬನ್ನಿ. ಇವತ್ತು ಕೋಡಿಗೆ ಹೋಗಿ ಬಂದೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ಸಾಲಿಗ್ರಾಮದಲ್ಲಿ ಹೆದ್ದಾರಿ ಬಿಟ್ಟು ಪಡುವಣಕ್ಕೆ ತಿರುಗಿದರೆ ಬೈಲು, ತೆಂಗಿನ ತೋಟ, ಆಮೇಲೆ ಹೊಳೆ, ಹೊಳೆಯಾಚೆ ಮರಳಿನ ಒಂದು ಉದ್ದ ಪಟ್ಟಿ. ಅದರ ಒಂದು ಮಗ್ಗುಲಿಗೆ ಸಿಹಿಯೂ ಅಲ್ಲದ ಉಪ್ಪೂ ಅಲ್ಲದ ನೀರು, ಇನ್ನೊಂದು ಮಗ್ಗುಲಿಗೆ ಕಡಲು. ತೆಂಕಕ್ಕೆ ಹೋದಂತೆ ನೆಲ ಕಿರಿದಾಗುತ್ತಾ ಕೋಡಿಬೆಂಗ್ರೆಯ ಅಳಿವೆಯಲ್ಲಿ ಮುಗಿದುಹೋಗುತ್ತದೆ. ಸೀತಾ, ಸುವರ್ಣಾ ಹೊಳೆಗಳು ಸಮುದ್ರ ಸೇರುವುದು ಅಲ್ಲೇ. ಕಾರಂತರ ಕಾದಂಬರಿ ‘ಮರಳಿ ಮಣ್ಣಿಗೆ’ಯ ರಾಮ ಐತಾಳರ ಮನೆ ಇದ್ದದ್ದು ಇಂಥ ನೆಲದ ಮೇಲೆ. ಬೇಸಗೆಯಲ್ಲಿ ನೋಡಿದವರಿಗೆ ಇದು ಚೆಂದದ ಕಡಲ ತೀರ, ಅಷ್ಟೆ. ಇವತ್ತು ಕಡಲು ಎಷ್ಟು ಮೊರೆಯುತ್ತಿತ್ತೆಂದರೆ ಪಕ್ಕದಲ್ಲಿ ನಿಂತವರ ಮಾತು ಕೇಳುತ್ತಿರಲಿಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧವಲ್ಲವೇ, ಕಡಲಿನಲ್ಲಿ ಅವು ಒಂದೂ ಇರಲಿಲ್ಲ. ಗೊರಬು ಹೊದ್ದು ಗದ್ದೆಯಲ್ಲಿ ಬಗ್ಗಿದ್ದ ಹೆಂಗಸೊಬ್ಬರು ನನ್ನ ಕೊಡೆ ಮಗುಚಿದ್ದು ನೋಡಿ, “ಹ್ವಾಯ್, ಗಾಳಿ ಜೋರಿತ್ತ್, ನೀರ್ ಬದಿಗ್ ಹೋಯ್ಬೇಡಿ” ಎಂದು ಕೂಗಿದರು.

ಆ ಗದ್ದೆಯ ಬದುವಿನ ಮೇಲೆ ನಿಂತಾಗ ನನಗೆ ನೆನಪಾದದ್ದು ಅಮ್ಮ. ಆ ಕಾದಂಬರಿಯ ಮಾತು ಬಂದಾಗಲೆಲ್ಲ ಅಮ್ಮ ಐತಾಳರ ಹೆಸರೆತ್ತಿದ್ದು ನಾನು ಕೇಳಿಲ್ಲ, ಮೊಮ್ಮಗ ರಾಮನದೂ ಇಲ್ಲ. ಅವಳ ಬಾಯಲ್ಲಿ ಯಾವಾಗಲೂ ಸರಸೋತಿ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣ ಐತಾಳರ ಮನೆಯಲ್ಲಿ ದುಡಿದವಳು, ಅಣ್ಣ ಎರಡನೆಯ ಮದುವೆ ಮಾಡಿಕೊಂಡಾಗ ಅತ್ತಿಗೆ ಪಾರೋತಿಯ ಪರ ನಿಂತವಳು. ನೆರೆ ಬಂದಾಗ ನೀರಿನಲ್ಲಿ ತೇಲಿಬರುವ ಸೌದೆಯನ್ನು ಆ ಹೆಂಗಸರು ಹಿಡಿದು ದಡಕ್ಕೆಳೆಯುವ ಭಾಗವನ್ನು ಅಮ್ಮ ನಮಗೆ ಎಷ್ಟು ಸಲ ಓದಿಲ್ಲ! ಮೂರು ತಲೆಮಾರಿನ ಕಥೆ ನಿಂತಿರುವುದೇ ಆ ರಟ್ಟೆಗಳ ಮೇಲೆ ಎಂದು ಈಗ ನನಗೂ ಅನ್ನಿಸುತ್ತದೆ. ಕೆಂಪು ನೀರು ತುಂಬಿ ಹರಿಯುವ ಹೊಳೆಯನ್ನು ಕಾಣದೆ ಅಮ್ಮ ಹಿಂದಿರುಗಬಾರದು. ಆದ್ದರಿಂದ ನಮ್ಮ ದಾರಿ ಕಾರಂತರ ಜೀವನಚರಿತ್ರೆಯ ಹಿಂದೆ ಹೋಗುವುದಕ್ಕಿಂತ ಸರಸೋತಿ ನಡೆದ ನೆಲದ ಮೇಲೆ ಹೋಗಲಿ.

ಬಸ್ಸು ಮೈಸೂರಿನಿಂದ ಮಡಿಕೇರಿ, ಸುಳ್ಯ ದಾಟಿ ಪುತ್ತೂರಿನ ಮೇಲೆಯೇ ಬರುತ್ತದೆ. ಪುತ್ತೂರು ಮೊದಲು ಸಿಕ್ಕಿತೆಂದು ಅಲ್ಲಿ ಇಳಿಯಬೇಡಿ. ಕೋಟದಿಂದ ಶುರುಮಾಡೋಣ. 1902ರಲ್ಲಿ ಕಾರಂತರು ಹುಟ್ಟಿದ್ದು ಅಲ್ಲಿ. ಸಾಲಿಗ್ರಾಮದ ಗುರುನರಸಿಂಹ ದೇವಸ್ಥಾನಕ್ಕೂ ಹೋಗೋಣ, ಐತಾಳ, ಮಯ್ಯ ಎಂಬ ಮನೆತನಗಳೆಲ್ಲ ನಡೆದುಕೊಳ್ಳುವ ದೇವರು ಅದೇ. ಕೋಟತಟ್ಟಿನಲ್ಲಿ ಕಾರಂತರ ಹೆಸರಿನ ಥೀಮ್ ಪಾರ್ಕ್ ಇದೆ; ಮಕ್ಕಳು ಜೊತೆಗಿದ್ದರೆ ಒಂದು ಗಂಟೆ ಕಳೆಯಬಹುದು. ಮಿಕ್ಕ ಹೊತ್ತನ್ನೆಲ್ಲ ಕೋಡಿಗೇ ಇಟ್ಟುಕೊಳ್ಳೋಣ.

ವಾಪಸು ಹೊರಟಾಗ ಪುತ್ತೂರಿನ ಪರ್ಲಡ್ಕದಲ್ಲಿ ಬಾಲವನ ನೋಡೋಣ. ಅವರು ಮಕ್ಕಳಿಗೆ ಹಾಡು, ಕುಣಿತ, ನಾಟಕಗಳ ಮೂಲಕ ಪಾಠ ಕಲಿಸಲು ಹೊರಟ ಜಾಗ ಅದು. ನೀನು ಟೀಚರು, ನಿನಗಾಗಿಯೇ ಅಲ್ಲಿ ಅರ್ಧ ದಿನ ಇಟ್ಟಿದ್ದೇನೆ. 1933ರ ‘ಚೋಮನ ದುಡಿ’ಯ ಹಿಂದಿರುವುದು ಆ ಕಡೆಯ ಗುಡ್ಡ ಗದ್ದೆಗಳು ಮತ್ತು ಅಲ್ಲಿ ಒಂದು ತುಂಡು ಭೂಮಿಯನ್ನೂ ತಮ್ಮದಾಗಿ ಉಳಲಾಗದೆ ಹೋದ ಜನ. ಆ ಪುಸ್ತಕವನ್ನು ಬಸ್ಸಿನಲ್ಲಿ ಓದಿಕೊಂಡು ಬಾ, ತೆಳ್ಳಗಿದೆ.

ಭಾವನಿಗೆ ‘ಬೆಟ್ಟದ ಜೀವ’ದ ಗೋಪಾಲಯ್ಯನ ಮೇಲೆ ಆಸೆ ಎಂದು ಗೊತ್ತು. ಸುಬ್ರಹ್ಮಣ್ಯದವರೆಗೆ ಖಂಡಿತ ಹೋಗೋಣ, ಮೋಡ ಸರಿದರೆ ಕುಮಾರಪರ್ವತ ಕಂಡೀತು. ಕಾಡೊಳಗೆ ಮಾತ್ರ ಈ ಕಾಲದಲ್ಲಿ ಬೇಡ. ಜಾರುವ ದಾರಿ, ಉಂಬಳಗಳ ಕಾಟ, ಅಮ್ಮನ ಮಂಡಿನೋವು. ಆ ಒಂದಕ್ಕೆ ಬೇಕಾದರೆ ಡಿಸೆಂಬರಿನಲ್ಲಿ ಭಾವ, ನಾನು ಇಬ್ಬರೇ ಹೋಗಿ ಬರುತ್ತೇವೆ.

ಉಳಿದುಕೊಳ್ಳಲು ಕುಂದಾಪುರದ ನನ್ನ ರೂಮೇ ಸಾಕು. ಕೆಳಗಿನ ಮನೆಯವರು ಅಮ್ಮನಿಗೆ ಮಂಚ ಕೊಡುತ್ತಾರೆ, ಬೆಳಿಗ್ಗೆ ಗಂಜಿಯೂ ಆಗುತ್ತದೆ. ಅಮ್ಮನಿಗೆ ಜಾರದ ರಬ್ಬರ್ ಚಪ್ಪಲಿ ತೆಗೆದುಕೊಡು, ಮಾತ್ರೆಗಳನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕು, ಇಲ್ಲಿನ ತೇವಕ್ಕೆ ಎಲ್ಲವೂ ಮೆತ್ತಗಾಗುತ್ತವೆ. ಸ್ವಾತಂತ್ರ್ಯ ದಿನದ ಆಚೀಚೆ ನಿನಗೆ ಎಷ್ಟು ರಜೆ ಸಿಗುತ್ತದೆ, ಸೋಮವಾರದೊಳಗೆ ತಿಳಿಸು. ಟಿಕೆಟು ನಾನು ಮಾಡಿಸುತ್ತೇನೆ.

ನಿನ್ನ ತಮ್ಮ