ಪೋರ್ಟ್ ಚಿಕಾಗೊ: ನೀರಿನಲ್ಲಿ ಉಳಿದ ಕಂಬಗಳು

ಹೆಸರು ಕೇಳಿ ಮೋಸ ಹೋಗಬೇಡಿ. ಪೋರ್ಟ್ ಚಿಕಾಗೊ ಇರುವುದು ಚಿಕಾಗೊ ಮಹಾನಗರದ ಬಳಿಯಲ್ಲ. ಅಮೆರಿಕದ ಪಶ್ಚಿಮ ಭಾಗದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಈಶಾನ್ಯದ ಸುಯ್ಸುನ್ ಕೊಲ್ಲಿಯ ದಡದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ನೌಕಾಪಡೆಯ ಮದ್ದುಗುಂಡಿನ ಉಗ್ರಾಣವಿತ್ತು. ರೈಲಿನಲ್ಲಿ ಬಂದ ಬಾಂಬುಗಳನ್ನು ಇಳಿಸಿ, ಪೆಸಿಫಿಕ್ ರಣರಂಗಕ್ಕೆ ಹೊರಟ ಹಡಗುಗಳಿಗೆ ತುಂಬುವುದು ಇಲ್ಲಿನ ಕೆಲಸ.

ಹೊತ್ತು ತುಂಬುವವರೆಲ್ಲ ಕಪ್ಪುವರ್ಣೀಯ ನಾವಿಕರು. ಆಜ್ಞೆ ಕೊಡುವ ಅಧಿಕಾರಿಗಳೆಲ್ಲ ಬಿಳಿಯರು. ಮದ್ದುಗುಂಡನ್ನು ಹೇಗೆ ಮುಟ್ಟಬೇಕೆಂಬ ತರಬೇತಿಯನ್ನೇ ಇವರಿಗೆ ಕೊಟ್ಟಿರಲಿಲ್ಲ. ಯಾರ ತಂಡ ಹೆಚ್ಚು ಟನ್ನು ತುಂಬುತ್ತದೆ ಎಂದು ಅಧಿಕಾರಿಗಳು ಬಾಜಿ ಕಟ್ಟುತ್ತಿದ್ದರು! ಬೆವರು ಯಾರದು, ಆಟ ಯಾರದು ನೋಡಿ.

1944ರ ಜುಲೈ 17, ರಾತ್ರಿ 10 ಗಂಟೆ 18 ನಿಮಿಷ. ‘ಇ. ಎ. ಬ್ರಯಾನ್’ ಹಡಗಿನಲ್ಲಿ ಆಗಲೇ ಸುಮಾರು 4,600 ಟನ್ ಮದ್ದುಗುಂಡು ತುಂಬಿತ್ತು. ಅದೆಲ್ಲ ಸಿಡಿಯಿತು. ಹಡಗೂ ಇಲ್ಲ, ಕಟ್ಟೆಯೂ ಇಲ್ಲ. ಸತ್ತವರು 320 ಮಂದಿ. ಅವರಲ್ಲಿ 202 ಮಂದಿ ಕಪ್ಪುವರ್ಣೀಯ ನಾವಿಕರು. ಗುರುತು ಸಿಕ್ಕಿದ್ದು 51 ದೇಹಗಳಿಗೆ ಮಾತ್ರ.

ಚೆಲ್ಲಾಪಿಲ್ಲಿಯಾಗಿದ್ದ ಅವಶೇಷಗಳನ್ನು ಆಯ್ದವರು ಬದುಕುಳಿದ ಕಪ್ಪುವರ್ಣೀಯ ನಾವಿಕರೇ. ಬಿಳಿಯ ಅಧಿಕಾರಿಗಳಿಗೆ ರಜೆ ಸಿಕ್ಕಿತು, ಇವರಿಗೆ ಇಲ್ಲ. ಮೂರು ವಾರ ಕಳೆದು, ಆಗಸ್ಟ್ 9ರಂದು, ಹತ್ತಿರದ ಮೇರ್ ಐಲೆಂಡಿನಲ್ಲಿ ಮತ್ತೆ ಅದೇ ಕೆಲಸಕ್ಕೆ ನಡೆಯಿರಿ ಎಂದಾಗ 258 ಮಂದಿ ಒಲ್ಲೆವೆಂದು ನಿಂತುಬಿಟ್ಟರು. ಸ್ನೇಹಿತರ ಕೈಕಾಲುಗಳನ್ನು ಆಯ್ದವರು ಬೇರೇನು ಮಾಡಿಯಾರು? ಯುದ್ಧಕಾಲದ ದಂಗೆಗೆ ಮರಣದಂಡನೆಯೂ ಉಂಟು ಎಂದು ಬೆದರಿಸಿದ ಮೇಲೆ ಹೆಚ್ಚಿನವರು ಕೆಲಸಕ್ಕೆ ಒಪ್ಪಿದರು. ಆದರೂ ಅವರಿಗೆ ಶಿಕ್ಷೆ ತಪ್ಪಲಿಲ್ಲ. ಉಳಿದ 50 ಮಂದಿಯ ಮೇಲೆ ದಂಗೆಯ ಆರೋಪ ಬಿತ್ತು. ಸೈನಿಕ ನ್ಯಾಯಾಲಯ ಅವರಿಗೆ 15 ವರ್ಷಗಳ ಕಠಿಣ ಸಜೆ ವಿಧಿಸಿತು. ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪುವರ್ಣೀಯ ನ್ಯಾಯಾಧೀಶರಾದ ಥರ್ಗುಡ್ ಮಾರ್ಷಲ್ ಆಗ ವಕೀಲರಾಗಿ ಇವರ ಪರ ಮೇಲ್ಮನವಿಗೆ ನಿಂತರು. 1946ರಲ್ಲಿ ಬಹುತೇಕರ ಬಿಡುಗಡೆಯಾಯಿತು. ಬಿಡುಗಡೆ ಮಾತ್ರ; ಅಪರಾಧಿಗಳೆಂಬ ಹೆಸರು ಅಳಿಯಲಿಲ್ಲ. ಅದೇ ವರ್ಷ ನೌಕಾಪಡೆ ವರ್ಣಭೇದದ ನಿಯಮಗಳನ್ನು ಕೈಬಿಟ್ಟಿತು.

ಆ ಹೆಸರು ಅಳಿದದ್ದು 2024ರ ಜುಲೈ 17ರಂದು, ಸ್ಫೋಟಕ್ಕೆ ಸರಿಯಾಗಿ 80 ವರ್ಷ ತುಂಬಿದ ದಿನ. ನೌಕಾಪಡೆಯ ಕಾರ್ಯದರ್ಶಿ ಎಲ್ಲರನ್ನೂ ದೋಷಮುಕ್ತರೆಂದು ಸಾರಿದರು. ಕೇಳಲು ಅವರಲ್ಲಿ ಯಾರೂ ಉಳಿದಿರಲಿಲ್ಲ.

ಪೋರ್ಟ್ ಚಿಕಾಗೊ ಊರೂ ಈಗಿಲ್ಲ. ಉಗ್ರಾಣದ ಸುತ್ತ ಸುರಕ್ಷತೆಗೆ ಜಾಗ ಬೇಕೆಂದು 1968ರಲ್ಲಿ ಸರ್ಕಾರ ಮನೆಗಳನ್ನು ಕೊಂಡು ಕೆಡವಿತು. 1994ರಲ್ಲಿ ದಡದ ಮೇಲೆ ಸ್ಮಾರಕವಾಯಿತು. ಸುತ್ತಲಿನ ಜಾಗ ಇನ್ನೂ ಸೇನೆಯ ಕೈಯಲ್ಲಿರುವುದರಿಂದ ನೋಡಬೇಕೆಂದರೆ ಮೊದಲೇ ಅನುಮತಿ ಪಡೆಯಬೇಕು. ಕಲ್ಲಿನ ಮೇಲೆ ಸತ್ತವರ ಹೆಸರುಗಳಿವೆ. ಮುಂದಿನ ನೀರಿನಲ್ಲಿ ಹಳೆಯ ಕಟ್ಟೆಯ ಮರದ ಕಂಬಗಳು, ಮುರಿದ ತಲೆಗಳೊಂದಿಗೆ, ಸಾಲಾಗಿ ನಿಂತಿವೆ.