ಎರಡು ಪಿಸ್ಟನ್, ಎರಡು ಲಯ

1960ರ ದಶಕದ ಆರಂಭದಲ್ಲಿ ದೊಡ್ಡ ಮೋಟಾರ್ ಸೈಕಲ್ ಎಂದರೆ ಇಂಗ್ಲೆಂಡಿನದೇ. ಟ್ರಯಂಫ್, ಬಿ.ಎಸ್.ಎ., ನಾರ್ಟನ್‌ಗಳ ಅವಳಿ ಸಿಲಿಂಡರಿನ ಗಾಡಿಗಳು ಎಣ್ಣೆ ಸೋರಿಸುತ್ತಿದ್ದವು, ಗಡಗಡ ನಡುಗುತ್ತಿದ್ದವು. ಆದರೂ ಮರ್ಯಾದೆ ಅವಕ್ಕೇ. ಜಪಾನಿನವರು ಪುಟ್ಟ ಗಾಡಿ ಮಾಡಿಕೊಂಡಿರಲಿ ಎಂಬ ಈ ನಿಶ್ಚಿಂತೆಗೆ ಭಂಗ ತಂದದ್ದು 1965ರ ಹೋಂಡಾ ಸಿಬಿ 450. ನಾಲ್ಕೈದು ವರ್ಷಗಳ ನಂತರ ಬಂದ ಯಮಹಾ ಎಕ್ಸ್‌ಎಸ್ 650 ಅದರ ತಮ್ಮನಂತೆ ಕಂಡರೂ ಸ್ವಭಾವವೇ ಬೇರೆ.

ಹೋಂಡಾದ ಎಂಜಿನ್ ಬರೀ 444 ಸಿಸಿ. ಆದರೆ ನಿಮಿಷಕ್ಕೆ 8500 ಸುತ್ತಿನಲ್ಲಿ 43 ಅಶ್ವಶಕ್ತಿ! ಅಷ್ಟು ವೇಗದಲ್ಲಿ ಸುರುಳಿ ಸ್ಪ್ರಿಂಗುಗಳು ಸೋಲಬಹುದು. ವಾಲ್ವ್ ಹೊತ್ತಿಗೆ ಸರಿಯಾಗಿ ಮುಚ್ಚದಿದ್ದರೆ ಪಿಸ್ಟನ್ನಿಗೇ ಬಡಿದೀತು. ಹೋಂಡಾ ಎಂಜಿನಿಯರುಗಳು ಸುರುಳಿಯನ್ನೇ ಬಿಟ್ಟು ಉಕ್ಕಿನ ಕಂಬಿ ಹಾಕಿದರು. ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡು ಥಟ್ಟನೆ ಹಿಂದಿರುಗುವ ಕಂಬಿ ಅದು. ಮೇಲೆ ಎರಡು ಕ್ಯಾಮ್ ಶಾಫ್ಟ್, ಜೊತೆಗೆ ವಿದ್ಯುತ್ ಸ್ಟಾರ್ಟರ್.

ಯಮಹಾ ಇಂಥ ಸಾಹಸಕ್ಕೆ ಹೋಗಲಿಲ್ಲ. 653 ಸಿಸಿ, ಒಂದೇ ಕ್ಯಾಮ್, ಮಾಮೂಲಿ ಸುರುಳಿ ಸ್ಪ್ರಿಂಗ್. ಮೊದಲ ಮಾದರಿಯನ್ನು ಕಾಲಿನಿಂದ ಒದ್ದೇ ಚಾಲೂ ಮಾಡಬೇಕಿತ್ತು. ಗುಂಡಿಯೊತ್ತುವ ಭಾಗ್ಯ ಬಂದದ್ದು 1972ರಲ್ಲಿ. ಎಂಜಿನ್ ಪೆಟ್ಟಿಗೆಯನ್ನು ಮಾತ್ರ ಬ್ರಿಟಿಷರಂತೆ ಉದ್ದುದ್ದ ಸೀಳದೆ ಅಡ್ಡಡ್ಡ ಸೀಳಿ ಜೋಡಿಸಿದ್ದರು. ಎಣ್ಣೆ ಸೋರುವ ಕಾಟ ಇದರಿಂದ ತಪ್ಪಿತು.

ನಿಜವಾದ ವ್ಯತ್ಯಾಸ ಇರುವುದು ಕ್ರ್ಯಾಂಕಿನಲ್ಲಿ. ಯಮಹಾದಲ್ಲಿ ಎರಡೂ ಪಿಸ್ಟನ್ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಸುತ್ತಿಗೊಂದು ಸ್ಫೋಟ, ಸದ್ದು ಸಮಲಯದ್ದು, ಇಂಪಾದದ್ದು. ಆದರೆ ಎರಡು ಪಿಸ್ಟನ್ನಿನ ತೂಕವೂ ಒಂದೇ ದಿಕ್ಕಿಗೆ ನುಗ್ಗುವುದರಿಂದ ನಡುಕ ಕೈಗೇ ಬರುತ್ತದೆ. ಹೋಂಡಾದಲ್ಲಿ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ, ಏತದ ಎರಡು ತುದಿಗಳ ಹಾಗೆ. ಮುಖ್ಯ ನಡುಕ ಪರಸ್ಪರ ವಜಾ ಆಗಿ, ಅತ್ತಿತ್ತ ತೊನೆಯುವ ಸಣ್ಣ ಓಲಾಟವಷ್ಟೇ ಉಳಿಯುತ್ತದೆ. ಸ್ಫೋಟಗಳು ಮಾತ್ರ ಅಸಮ: ಎರಡು ಬೇಗ ಬೇಗ, ಆಮೇಲೆ ದೀರ್ಘ ಮೌನ. (1983ರಲ್ಲಿ ಭಾರತಕ್ಕೆ ಬಂದ ರಾಜದೂತ್ 350ರಲ್ಲೂ ಪಿಸ್ಟನ್ನುಗಳು ಹೀಗೇ ಎದುರುಬದುರು. ಅದು ಟೂ ಸ್ಟ್ರೋಕ್ ಆದ್ದರಿಂದ ಸದ್ದು ಸಮವಾಗಿತ್ತು.)

ಜಾಣತನದಲ್ಲಿ ಹೋಂಡಾವೇ ಮೇಲು, ಸಂಶಯವಿಲ್ಲ. ಆದರೂ ಸವಾರರು ಹೆಚ್ಚು ಕಾಲ ಇಟ್ಟುಕೊಂಡದ್ದು ಯಮಹಾವನ್ನು. ಹೋಂಡಾವನ್ನು ಓಡಿಸಲು ಸದಾ ಗೇರು ಬದಲಿಸುತ್ತ ಎಂಜಿನ್ನನ್ನು ಕಿರುಚಿಸಬೇಕು. ಮೊದಮೊದಲು ಇದ್ದದ್ದು ನಾಲ್ಕೇ ಗೇರು, ಐದನೆಯದು ಬಂದದ್ದು 1968ರಲ್ಲಿ. ಮರುವರ್ಷವೇ ಹೋಂಡಾದ ನಾಲ್ಕು ಸಿಲಿಂಡರಿನ ಸಿಬಿ 750 ಬಂದು ಮನೆಮಗನನ್ನೇ ಮೂಲೆಗೆ ತಳ್ಳಿತು. ಯಮಹಾದ ಮೊದಲ ಚೌಕಟ್ಟುಗಳು ವೇಗದಲ್ಲಿ ಓಲಾಡುತ್ತಿದ್ದವು, ನಿಜ. ಎಂಜಿನ್ ಮಾತ್ರ ಬಂಡೆ. ಅದನ್ನು 750 ಸಿಸಿಗೆ ಹಿಗ್ಗಿಸಿದ ಗಾಡಿಗಳಲ್ಲಿ ಕೆನ್ನಿ ರಾಬರ್ಟ್ಸ್ 1973 ಮತ್ತು 1974ರಲ್ಲಿ ಅಮೆರಿಕದ ಮಣ್ಣಿನ ಟ್ರ್ಯಾಕುಗಳಲ್ಲಿ ಓಡಿ, ಎರಡೂ ವರ್ಷ ರಾಷ್ಟ್ರೀಯ ಚಾಂಪಿಯನ್ ಆದ. 1980ರ ದಶಕದಲ್ಲೂ ಎಕ್ಸ್‌ಎಸ್ 650 ಮಾರಾಟವಾಗುತ್ತಲೇ ಇತ್ತು.

ಈಗಲೂ ಕೆಲವು ಹುಚ್ಚು ಹವ್ಯಾಸಿಗಳು ಹಳೆಯ ಯಮಹಾದ ಕ್ರ್ಯಾಂಕನ್ನು ಬಿಚ್ಚಿ, ಒಂದು ಪಿಸ್ಟನ್ ಇನ್ನೊಂದಕ್ಕಿಂತ ಕಾಲು ಸುತ್ತಿನಷ್ಟು ಹಿಂದಿರುವಂತೆ ಮರುಜೋಡಣೆ ಮಾಡುತ್ತಾರೆ. ಆಗ ಎರಡು ಪಿಸ್ಟನ್ನೂ ಒಮ್ಮೆಲೇ ನಿಲ್ಲುವುದಿಲ್ಲ, ನಡುಕ ತಗ್ಗುತ್ತದೆ. ಚೆನ್ನೈಯ ರಾಯಲ್ ಎನ್‌ಫೀಲ್ಡ್ 2018ರಲ್ಲಿ ಹೊರತಂದ 650 ಸಿಸಿ ಅವಳಿಯ ಕ್ರ್ಯಾಂಕೂ ಇದೇ ಬಗೆಯದು. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಅದು ಪಕ್ಕಕ್ಕೆ ಬಂದು ನಿಂತರೆ ಕಿವಿಗೊಟ್ಟು ಕೇಳಿ, ಸದ್ದು ಕೊಂಚ ಕುಂಟುತ್ತಿರುತ್ತದೆ.