ಬಿಸಿಲಿಗೆ ಟಿಕೆಟ್ ಕೊಂಡವರು

2005ರ ಮಾರ್ಚ್ ತಿಂಗಳಿಡೀ ಮನಾಮದ ಗುದೈಬಿಯಾದಲ್ಲಿದ್ದ ನಮ್ಮ ಕೋಣೆಯಲ್ಲಿ ಒಂದೇ ಮಾತು. ಏಪ್ರಿಲ್ 3ಕ್ಕೆ ರೇಸ್. ಬಹರೈನ್ ಗ್ರ್ಯಾನ್ ಪ್ರಿ.

ಆ ಕೋಣೆಯಲ್ಲಿ ನಾವು ಏಳು ಮಂದಿ. ಉಪ್ಪಿನಂಗಡಿಯಿಂದ ಕುಂದಾಪುರದವರೆಗೆ ಬೇರೆ ಬೇರೆ ಊರಿನವರು. ಬ್ಯಾರಿ, ತುಳು, ಕುಂದಗನ್ನಡ ಮೂರೂ ಒಂದೇ ಪಾತ್ರೆಯಲ್ಲಿ ಕುದಿಯುತ್ತಿದ್ದವು. ಒಬ್ಬ ಗ್ಯಾರೇಜಿನಲ್ಲಿ ಮೆಕ್ಯಾನಿಕ್, ಒಬ್ಬ ಡ್ರೈವರ್, ಇಬ್ಬರು ಅಂಗಡಿಯಲ್ಲಿ, ಒಬ್ಬ ಟೈಲರ್, ಒಬ್ಬ ಆಫೀಸ್ ಬಾಯ್. ಏಳನೆಯವರು ನಮಗೆಲ್ಲ ಹಿರಿಯರಾದ ಉಪ್ಪಿನಂಗಡಿಯ ಕಾಕ. ಅವರದು ಕಟ್ಟಡಗಳಿಗೆ ಕಂಬಿ ಕಟ್ಟುವ ಕೆಲಸ. ಬಜ್ಪೆಯಿಂದ ಕೊಲ್ಲಿಗೆ ಆಗ ನೇರ ವಿಮಾನವಿರಲಿಲ್ಲ. ಮುಂಬೈ ದಾರಿಯಾಗಿ, ಸಾಲ ಮಾಡಿ ಬಂದವರೇ ಎಲ್ಲ.

ಕಾರಿನ ಓಟದ ಹುಚ್ಚು ನಮಗೆ ಎಲ್ಲಿಂದ ಬಂತೆಂದು ಊರಿನವರು ಕೇಳುವುದುಂಟು. ಕಂಬಳದ ನಾಡಿನವರಿಗೆ ಓಟದ ಹುಚ್ಚನ್ನು ಯಾರೂ ಕಲಿಸಬೇಕಾಗಿಲ್ಲ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳನ್ನು ಲೆಕ್ಕ ಹಾಕುತ್ತಾ, ಯಾರ ಮನೆಯ ಕೋಣ ಎಷ್ಟು ಸೆಕೆಂಡಿನಲ್ಲಿ ಮಂಜೊಟ್ಟಿಗೆ ಮುಟ್ಟಿತು ಎಂದು ರಾತ್ರಿಯಿಡೀ ವಾದ ಮಾಡಿದವರು ನಾವು. ಕೋಣದ ಜಾಗದಲ್ಲಿ ಕಾರು ಬಂತು, ಕೆಸರಿನ ಜಾಗದಲ್ಲಿ ಮರಳು ಬಂತು, ಅಷ್ಟೇ.

ಅದೂ ಅಲ್ಲದೆ ರೇಸ್ ನಮ್ಮ ಬಾಗಿಲಿಗೇ ಬಂದಿತ್ತು. ಮನಾಮದಿಂದ ಸುಮಾರು 30 ಕಿಲೋಮೀಟರ್ ದೂರದ ಸಖೀರ್ ಎಂಬ ಮರುಭೂಮಿಯಲ್ಲಿ ಟ್ರ್ಯಾಕ್ ಕಟ್ಟಿದ್ದರು. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಜೆಬೆಲ್ ದುಖಾನ್ ಎಂಬ ಸಣ್ಣ ಗುಡ್ಡ. ಕೊಲ್ಲಿಯ ಈ ದಡದಲ್ಲಿ ಮೊತ್ತಮೊದಲು ಎಣ್ಣೆ ಚಿಮ್ಮಿದ್ದು ಆ ಗುಡ್ಡದ ಬುಡದಲ್ಲಿ, 1932ರಲ್ಲಿ. ಅದಕ್ಕೂ ಮೊದಲು ಈ ದ್ವೀಪದವರು ಸುಡುಬೇಸಿಗೆಯ ತಿಂಗಳುಗಳಲ್ಲಿ ಸಮುದ್ರದ ತಳಕ್ಕೆ ಮುಳುಗಿ ಮುತ್ತು ತೆಗೆಯುತ್ತಿದ್ದರು. ದೋಣಿಯ ಯಜಮಾನನಿಗೆ ಸಾಲಗಾರರಾಗಿಯೇ ಆ ಮುಳುಗುಗಾರರ ಆಯುಷ್ಯ ಕಳೆಯುತ್ತಿತ್ತು. ಸಾಲ ಮತ್ತು ಸೆಕೆ, ಇವೆರಡರ ಸಂಬಂಧ ಇಲ್ಲಿ ಹಳೆಯದು.

2004ರ ಏಪ್ರಿಲ್ 4ರಂದು ಇಲ್ಲಿ ಮೊದಲ ರೇಸ್ ನಡೆದಾಗ ಪಶ್ಚಿಮ ಏಶ್ಯಕ್ಕೇ ಅದು ಮೊದಲನೆಯದು. ಶುಮಾಕರ್ ಗೆದ್ದ. ವಿಜಯ ಪೀಠದಲ್ಲಿ ಶಾಂಪೇನ್ ಬದಲು ಗುಲಾಬಿ ನೀರಿನ ಪಾನೀಯ ಚಿಮ್ಮಿಸಿದರು. ಅದನ್ನೆಲ್ಲ ನಾವು ಚಾ ಅಂಗಡಿಯ ಟಿ.ವಿ.ಯಲ್ಲಿ ಕಂಡೆವು. ಮನೆಯ ಹಿತ್ತಲಲ್ಲಿ ಮದುವೆ ನಡೆಯುವಾಗ ಕಿಟಕಿಯಿಂದ ಇಣುಕಿದ ಹಾಗೆ. ಮುಂದಿನ ವರ್ಷ ಹೇಗಾದರೂ ಮಾಡಿ ಹೋಗಲೇಬೇಕೆಂದು ಅಂದೇ ನಿಶ್ಚಯಿಸಿದೆವು.

ಮುಂದಿನ ವರ್ಷ ಬರುವಾಗ ಇನ್ನೊಂದು ಕಾರಣವೂ ಸೇರಿಕೊಂಡಿತು. ನಾರಾಯಣ್ ಕಾರ್ತಿಕೇಯನ್. ಕೊಯಮತ್ತೂರಿನ ಹುಡುಗ, ಫಾರ್ಮುಲಾ ಒನ್ನಿನಲ್ಲಿ ಕಾರು ಓಡಿಸಿದ ಮೊದಲ ಭಾರತೀಯ. 2005ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ 15ನೆಯವನಾಗಿ, ಮಲೇಶ್ಯಾದಲ್ಲಿ 11ನೆಯವನಾಗಿ ಗುರಿ ಮುಟ್ಟಿದ್ದ. ಮೂರನೆಯದು ಬಹರೈನ್. 15, 11, ಆಮೇಲೆ? ಗೆಲ್ಲುವ ಕಾರು ಅವನದ್ದಲ್ಲವೆಂದು ನಮಗೂ ಗೊತ್ತಿತ್ತು. ಆದರೆ ಆ ವರ್ಷದ ನಿಯಮದಂತೆ 8ನೇ ಸ್ಥಾನ ಬಂದರೂ ಒಂದು ಅಂಕ ಸಿಗುತ್ತಿತ್ತು. ಆ ಒಂದು ಅಂಕವನ್ನು ಅವನಿಗಿಂತ ಮೊದಲೇ ನಾವು ಮನಸ್ಸಿನಲ್ಲಿ ಖರ್ಚು ಮಾಡಿ ಮುಗಿಸಿದ್ದೆವು.

ಅತಿ ಅಗ್ಗದ ಟಿಕೆಟ್ ಕೂಡಾ ನಮ್ಮ ಪಾಲಿಗೆ ದುಬಾರಿ. ಒಂದು ದಿನಾರ್ ಎಂದರೆ ಆಗ ಹೆಚ್ಚುಕಡಿಮೆ 115 ರೂಪಾಯಿ. ಊರಿಗೆ ಕಳಿಸುವ ಪ್ರತಿಯೊಂದು ದಿನಾರಿಗೂ ಅಲ್ಲಿ ಒಂದು ಹೆಸರಿರುತ್ತದೆ. ಉಮ್ಮನ ಮದ್ದು, ತಂಗಿಯ ಮದುವೆಯ ಸಾಲ, ಹಂಚು ಬದಲಿಸಬೇಕಾದ ಮನೆ. ಐದು ತಿಂಗಳು ಕೂಡಿಟ್ಟು ಏಳು ಮಂದಿ ಸೇರಿ ಮೂರು ಟಿಕೆಟ್ ಕೊಂಡೆವು. ಎರಡಕ್ಕೆ ಚೀಟಿ ಎತ್ತಿದೆವು. ಮೂರನೆಯದಕ್ಕೆ ಚೀಟಿ ಎತ್ತಲಿಲ್ಲ. ಅದು ಕಾಕನಿಗೆ ಎಂದು ಎಲ್ಲರೂ ಒಪ್ಪಿದೆವು.

ಕಾರಣವಿತ್ತು. ಆ ಟ್ರ್ಯಾಕ್ ಕಟ್ಟುವಾಗ, 2003ರ ಬೇಸಿಗೆಯಲ್ಲಿ, ಕಾಕ ಅಲ್ಲಿ ಕೆಲವು ತಿಂಗಳು ದುಡಿದಿದ್ದರು. ಪ್ರೇಕ್ಷಕರ ಗ್ಯಾಲರಿಯೊಂದರ ಬುಡಕ್ಕೆ ಕಂಬಿ ಕಟ್ಟಿದ ನೂರಾರು ಜನರಲ್ಲಿ ಅವರೂ ಒಬ್ಬರು. ಟಿ.ವಿ.ಯಲ್ಲಿ ಕಾರುಗಳು ತಿರುವು ದಾಟುವಾಗ ನಾವು ಕಾರುಗಳನ್ನು ನೋಡಿದರೆ ಅವರು ಹಿಂದಿನ ಗ್ಯಾಲರಿಯನ್ನು ನೋಡುತ್ತಿದ್ದರು. “ನಾವು ಬಿಟ್ಟು ಬರುವಾಗ ಅಲ್ಲಿ ಬರೀ ಕಂಬಿ ಇತ್ತು. ಜನ ಕೂತದ್ದನ್ನು ಒಮ್ಮೆ ನೋಡಬೇಕಿತ್ತು” ಎಂದಿದ್ದರು. ಅವರು ಬಾಯಿಬಿಟ್ಟು ಕೇಳಿದ ಆಸೆ ಅದೊಂದೇ.

ಮಾರ್ಚ್ ಕೊನೆಯ ವಾರ ಸೆಕೆ ಏರತೊಡಗಿತು. ರೇಸ್ ನೋಡುವವರಿಗೆ ಸೆಕೆಯೂ ಲೆಕ್ಕಾಚಾರದ ವಸ್ತು. ಅದರಲ್ಲೂ ಆ ವರ್ಷ ಹೊಸ ನಿಯಮ ಬಂದಿತ್ತು. ಅರ್ಹತಾ ಸುತ್ತಿಗೂ ಇಡೀ ರೇಸಿಗೂ ಒಂದೇ ಸೆಟ್ ಟೈರ್, ನಡುವೆ ಬದಲಿಸುವಂತಿಲ್ಲ. ಒಂದು ಎಂಜಿನ್ ಎರಡು ರೇಸ್‌ಗಳಿಗೆ ಬಾಳಬೇಕು. ನಮ್ಮ ಮೆಕ್ಯಾನಿಕ್ ಗೆಳೆಯ ಪ್ರತಿ ರಾತ್ರಿ ಊಟದ ಸುಪ್ರದ ಸುತ್ತ ಪಾಠ ಮಾಡುತ್ತಿದ್ದ. ಟ್ರ್ಯಾಕ್ ಕಾದಷ್ಟೂ ಟೈರಿನ ರಬ್ಬರ್ ಮೆತ್ತಗಾಗಿ ಕಿತ್ತು ಬರುತ್ತದೆ. ಬಿಸಿ ಗಾಳಿಯಲ್ಲಿ ಎಂಜಿನ್ ತಣಿಯುವುದಿಲ್ಲ, ಅದಕ್ಕೆಂದೇ ಕಾರಿನ ಮೈಯಲ್ಲಿ ಹೆಚ್ಚಿನ ಕಿಂಡಿ ಬಿಡುತ್ತಾರೆ. ಗಾಳಿ ಎದ್ದರೆ ಮರಳು ಟ್ರ್ಯಾಕಿಗೆ ಬರುತ್ತದೆ, ಬಾರದಂತೆ ಸುತ್ತಲಿನ ಮರಳಿಗೆ ಅಂಟು ಸಿಂಪಡಿಸುತ್ತಾರೆ. ಚಾಲಕ ಬೆಂಕಿ ತಾಳುವ ಬಟ್ಟೆಯನ್ನು ಪದರ ಪದರವಾಗಿ ತೊಟ್ಟು ಕೂರುತ್ತಾನೆ. ರೇಸ್ ಮುಗಿಯುವಾಗ ಬೆವರಿಳಿದೇ ಎರಡು ಮೂರು ಕಿಲೋ ಕಡಿಮೆಯಾಗಿರುತ್ತಾನೆ. ಹೆಲ್ಮೆಟ್ಟಿನೊಳಗೆ ನೀರು ಹೀರಲು ಒಂದು ಕೊಳವೆ ಇರುತ್ತದೆ.

“57 ಸುತ್ತು ಈ ಬಿಸಿಲಲ್ಲಿ ಹೇಗೆ ತಾಳುತ್ತಾನೋ ನಮ್ಮ ಹುಡುಗ” ಎಂದು ನಾವು ನಿಜಕ್ಕೂ ಮರುಗುತ್ತಿದ್ದೆವು. ಕಾಕ ತಟ್ಟೆಯಿಂದ ತಲೆ ಎತ್ತದೆ ಕೇಳುತ್ತಿದ್ದರು.

ರೇಸಿಗೆ ಐದು ದಿನ ಇರುವಾಗ, ಮಂಗಳವಾರ, ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು. ಕಾಕ ಸೈಟಿನಲ್ಲಿ ಬಿದ್ದಿದ್ದಾರೆ ಎಂದು. ಮೇಲಿಂದ ಬಿದ್ದದ್ದಲ್ಲ. ಕಾದ ಕಂಬಿಗಳ ನಡುವೆ ಬಗ್ಗಿ ಕೂತು ತಂತಿ ಬಿಗಿಯುತ್ತಿದ್ದವರು ಹಾಗೆಯೇ ಒರಗಿಬಿಟ್ಟರಂತೆ. ಜೊತೆಯವರು ಹೊತ್ತು ನೆರಳಿಗೆ ತಂದು ನೀರು ಸುರಿದು ಆಸ್ಪತ್ರೆಗೆ ಮುಟ್ಟಿಸಿದರು. ಬೆವರು ನಿಂತು ಹೋಗಿತ್ತು, ಮಾತು ತೊದಲುತ್ತಿತ್ತು. ಇನ್ನು ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರ್.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಜೀವಕ್ಕೆ ಅಪಾಯವಿಲ್ಲ, ಆದರೆ ಕೆಲವು ದಿನ ಬಿಸಿಲಿಗೆ ಹೋಗಬಾರದು ಎಂದು ತಿಳಿದಾಗ ನಮ್ಮಲ್ಲೊಬ್ಬನ ಬಾಯಿಂದ ಬಂದ ಮೊದಲ ಮಾತು, “ಹಾಗಾದರೆ ಟಿಕೆಟ್?” ಆಡಿದ್ದು ಒಬ್ಬನಾದರೂ ಆ ಯೋಚನೆ ಬಾರದವರು ನಮ್ಮಲ್ಲಿ ಯಾರೂ ಇರಲಿಲ್ಲ. ಟೈರು ಎಷ್ಟು ಡಿಗ್ರಿಗೆ ಮೆತ್ತಗಾಗುತ್ತದೆಂದು ತಿಂಗಳಿಡೀ ಲೆಕ್ಕ ಹಾಕಿದವರು ನಾವು. ಕೆಳಗಿನ ಮಂಚದಲ್ಲಿ ಮಲಗುವ ಮನುಷ್ಯ ಎಷ್ಟು ಡಿಗ್ರಿಯಲ್ಲಿ ದುಡಿದು ಬರುತ್ತಾನೆಂದು ಒಂದು ದಿನವೂ ಲೆಕ್ಕ ಹಾಕಿರಲಿಲ್ಲ. ಅವರ ಹೆಲ್ಮೆಟ್ಟಿನೊಳಗೆ ಕೊಳವೆ ಇದೆಯೇ ಎಂದು ಯಾರೂ ಕೇಳಿರಲಿಲ್ಲ.

ಕಾಕ ಎರಡು ದಿನ ಮಲಗಿದರು. ಆ ಎರಡು ದಿನದ ಸಂಬಳ ಕಡಿತವಾಯಿತು. ಆಸ್ಪತ್ರೆಯ ಚೀಟಿ ತೋರಿಸಿದರೆ, ಬಿಸಿಲು ಎಲ್ಲರಿಗೂ ಒಂದೇ ಅಲ್ಲವೇ ಎಂದನಂತೆ ಮೇಸ್ತ್ರಿ. ಶನಿವಾರ ಅವರು ಕೆಲಸಕ್ಕೆ ಹೊರಟರು. ಭಾನುವಾರ ರೇಸ್. ಅಲ್ಲಿ ಭಾನುವಾರ ಕೆಲಸದ ದಿನ, ನಮಗೆ ಶುಕ್ರವಾರ ಮಾತ್ರ ರಜೆ. ಚೀಟಿ ಬಂದ ಇಬ್ಬರು ಹೇಗೋ ಮೊದಲೇ ರಜೆ ಹೊಂದಿಸಿಕೊಂಡಿದ್ದರು. ಕಾಕನಿಗೆ ಇನ್ನೊಂದು ದಿನದ ಸಂಬಳ ಬಿಡುವ ತಾಕತ್ತಿರಲಿಲ್ಲ. ಊರಲ್ಲಿ ಮಗಳು ಪಿಯುಸಿ ಪರೀಕ್ಷೆ ಬರೆಯುತ್ತಿದ್ದಳು, ಮುಂದೆ ಕಲಿಸಬೇಕಿತ್ತು.

ಟಿಕೆಟನ್ನು ಕುಂದಾಪುರದ ಹುಡುಗನ ಕೈಗಿಟ್ಟರು. “ಕಾಕ, ನೀವೇ ಹೋಗಿ. ಒಂದು ದಿನದ ಸಂಬಳ ನಾವೆಲ್ಲ ಸೇರಿ ಕೊಡುತ್ತೇವೆ” ಎಂದ ಅವನು. ಕಾಕ ನಕ್ಕರು. “ಮಗಾ, ಬಿಸಿಲಲ್ಲಿ ಕೂರುವುದಕ್ಕೆ ನಾನು ಸಂಬಳ ತೆಗೆದುಕೊಳ್ಳುವವನು. ನಾನೇ ದುಡ್ಡು ಕೊಟ್ಟು ಕೂರುವುದಾ? ನೀನು ಹೋಗು. ಗ್ಯಾಲರಿ ಹೇಗಿದೆ ನೋಡಿ ಬಾ.”

ಅಂದು ಸಖೀರ್‌ನಲ್ಲಿ ಉಷ್ಣತೆ 42 ಡಿಗ್ರಿ ದಾಟಿತು. ಫಾರ್ಮುಲಾ ಒನ್ನಿನ ಚರಿತ್ರೆಯಲ್ಲೇ ಅತ್ಯಂತ ಸೆಕೆಯ ರೇಸ್‌ಗಳ ಸಾಲಿನಲ್ಲಿ ಅದರ ಹೆಸರು ಇವತ್ತಿಗೂ ಇದೆ. ಹಳದಿ ಬಣ್ಣದ ಕಾರು ಕಂಡೊಡನೆ ನಮ್ಮ ಮೂವರೂ ಎದ್ದು ನಿಂತು ಕೂಗಿದರು. ಸುತ್ತಮುತ್ತ ಕೂತಿದ್ದ ಮಲೆಯಾಳಿಗಳೂ ತಮಿಳರೂ ಕೂಗಿದರು. ದೀಪ ಆರಿತು, ಓಟ ಶುರುವಾಯಿತು. ಹಳದಿ ಕಾರು ಒಮ್ಮೆ ಹೋಯಿತು. ಇನ್ನೊಮ್ಮೆ ಹೋಯಿತು. ಮತ್ತೆ ಬರಲಿಲ್ಲ.

ವಿದ್ಯುತ್ ದೋಷ. ಎರಡೇ ಸುತ್ತಿಗೆ ನಾರಾಯಣ್ ಓಟ ಮುಗಿದಿತ್ತು. ಐದು ತಿಂಗಳ ಉಳಿತಾಯ, ಒಂದು ತಿಂಗಳ ಕಾಯುವಿಕೆ ನಾಲ್ಕು ನಿಮಿಷವೂ ಬಾಳಲಿಲ್ಲ. ಹೊಸ ಫೆರಾರಿಯಲ್ಲಿ ಬಂದ ಶುಮಾಕರ್ ಕೂಡಾ 12 ಸುತ್ತಿಗೆ ನಿಂತ. ಅಲೊನ್ಸೊ ಗೆದ್ದ. ಉಳಿದ ಸುತ್ತುಗಳನ್ನು ನಮ್ಮವರು ಪೇಪರನ್ನು ತಲೆಗೆ ಹಿಡಿದು ನೋಡಿದರು. ಮುಖ್ಯ ಗ್ಯಾಲರಿಗೆ ಮಾಡು ಇತ್ತು. ಅವರು ಕೂತಲ್ಲಿ ಇರಲಿಲ್ಲ.

ರಾತ್ರಿ ಕಾಕ ಕೆಲಸ ಮುಗಿಸಿ ಬಂದು ಕೈಕಾಲು ತೊಳೆದು ಕೂತರು. ಯಾರು ಗೆದ್ದರೆಂದು ಕೇಳಲಿಲ್ಲ. “ಜನ ತುಂಬಿದ್ದರಾ?” ಎಂದರು. ತುಂಬಿದ್ದರು ಎಂದೆವು. “ಕೂತವರಿಗೆ ನೆರಳಿತ್ತಾ?” ಎಂದರು. ಏನು ಹೇಳಬೇಕೆಂದು ತಿಳಿಯದೆ ಮೂವರೂ ಮುಖ ಮುಖ ನೋಡಿಕೊಂಡರು. ಕುಂದಾಪುರದ ಹುಡುಗ, “ಇತ್ತು ಕಾಕ” ಎಂದ. ಸುಳ್ಳು ಅಂತ ಗೊತ್ತಿದ್ದೂ ನಾವು ಯಾರೂ ತಿದ್ದಲಿಲ್ಲ.

ಇದಾಗಿ ವರ್ಷಗಳು ಉರುಳಿದವು. ಆ ಕೋಣೆ ಚದುರಿತು. ಕಾಕ ಊರಿಗೆ ಮರಳಿದರು. ಬಹರೈನ್ ರೇಸ್ 2014ರಿಂದ ಸಂಜೆ ದೀಪದ ಬೆಳಕಿಗೆ ಬದಲಾಯಿತು. ಆದರೂ ಸೆಕೆಯ ನಾಡಲ್ಲಿ ರೇಸ್ ಹತ್ತಿರ ಬಂದಾಗಲೆಲ್ಲ ನಮ್ಮ ನಡುವೆ ಫೋನ್ ಓಡಾಡುತ್ತದೆ. ಹಳೆಯ ಹುಚ್ಚು ಬಿಟ್ಟಿಲ್ಲ. ಆದರೆ ನೋಡುವ ಕಣ್ಣು ಸ್ವಲ್ಪ ಬದಲಾಗಿದೆ.

2023ರ ಅಕ್ಟೋಬರ್‌ನಲ್ಲಿ ಕತಾರ್ ರೇಸ್ ನಡೆದಾಗ, ರಾತ್ರಿಯಾಗಿದ್ದರೂ ಚಾಲಕರು ಸೆಕೆಗೆ ಸೋತರು. ಒಬ್ಬ ಅಸ್ವಸ್ಥನಾಗಿ ನಡುವಲ್ಲೇ ನಿಲ್ಲಿಸಿದ, ಇನ್ನೊಬ್ಬ ಹೆಲ್ಮೆಟ್ಟಿನೊಳಗೇ ವಾಂತಿ ಮಾಡಿಕೊಂಡ. ಜಗತ್ತು ಬೆಚ್ಚಿತು. ಎರಡು ವರ್ಷದೊಳಗೆ ನಿಯಮ ಬಂತು. ಸೆಕೆಯ ಸೂಚ್ಯಂಕ 31 ಡಿಗ್ರಿ ದಾಟುವ ಮುನ್ಸೂಚನೆ ಇದ್ದರೆ ‘ಸೆಕೆಯ ಅಪಾಯ’ ಎಂದು ಘೋಷಿಸಬೇಕು, ಕಾರಿನಲ್ಲಿ ತಣ್ಣನೆಯ ದ್ರವ ಹರಿಯುವ ಅಂಗಿಯ ವ್ಯವಸ್ಥೆ ಇರಬೇಕು. 2025ರ ಸಿಂಗಾಪುರ ರೇಸಿನಲ್ಲಿ ಮೊದಲ ಬಾರಿ ಹೀಗೆ ಘೋಷಿಸಿದರು. ಒಳ್ಳೆಯ ನಿಯಮ. ಮನುಷ್ಯನ ದೇಹಕ್ಕೆ ಒಂದು ಮಿತಿಯಿದೆ ಎಂದು ಒಪ್ಪಿಕೊಂಡ ನಿಯಮವನ್ನು ಯಾರೂ ಹೀಗಳೆಯಬಾರದು.

ಬಿಸಿಲಲ್ಲಿ ದುಡಿಯುವವರಿಗೂ ನಿಯಮ ಬಂದಿದೆ. ಬಹರೈನ್‌ನಲ್ಲಿ 2007ರಿಂದ ಜುಲೈ, ಆಗಸ್ಟ್ ತಿಂಗಳಲ್ಲಿ ಮಧ್ಯಾಹ್ನ 12ರಿಂದ 4ರ ತನಕ ಹೊರಗಿನ ಕೆಲಸ ನಿಷೇಧಿಸಿದರು. 2025ರಲ್ಲಿ ಅದನ್ನು ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ, ಮೂರು ತಿಂಗಳಿಗೆ ಏರಿಸಿದರು. ಇದೂ ಒಳ್ಳೆಯದೇ, ಇದರಿಂದ ಎಷ್ಟೋ ಜೀವ ಉಳಿದೀತು. ಆದರೆ ಒಂದು ವ್ಯತ್ಯಾಸ ನೋಡಿ. ಚಾಲಕನ ನಿಯಮ ಥರ್ಮಾಮೀಟರ್ ನೋಡುತ್ತದೆ. ಕಾರ್ಮಿಕನ ನಿಯಮ ಕ್ಯಾಲೆಂಡರ್ ನೋಡುತ್ತದೆ. ಕಾಕ ಬಿದ್ದದ್ದು ಮಾರ್ಚ್ 29ರಂದು. ಏಪ್ರಿಲ್ 3ರ 42 ಡಿಗ್ರಿಯಲ್ಲೂ ಅವರು ಕಂಬಿ ಕಟ್ಟುತ್ತಿದ್ದರು. ಇವತ್ತಿನ ಮೂರು ತಿಂಗಳ ನಿಯಮದೊಳಗೂ ಆ ದಿನಗಳು ಬರುವುದಿಲ್ಲ. ಕತಾರ್ ಮಾತ್ರ 2021ರಲ್ಲಿ ತಿಂಗಳ ಲೆಕ್ಕದ ಜೊತೆಗೆ ಉಷ್ಣತೆಯ ಮಿತಿಯನ್ನೂ ಸೇರಿಸಿತು. ತೇವಾಂಶವನ್ನೂ ಸೇರಿಸಿ ಅಳೆಯುವ ಮಾಪನದಲ್ಲಿ 32.1 ಡಿಗ್ರಿ ದಾಟಿದರೆ ಯಾವ ತಿಂಗಳಾದರೂ ಹೊರಗಿನ ಕೆಲಸ ನಿಲ್ಲಬೇಕು.

ಕೊಲ್ಲಿಯ ಕಡೆ ಬೆರಳು ತೋರಿಸಿ ನಾವು ಸುಮ್ಮನಿರುವಂತಿಲ್ಲ. ನಮ್ಮ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳು ಬಂತೆಂದರೆ ಸರಕಾರಿ ಕಚೇರಿಯ ಹೊತ್ತು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಫ್ಯಾನಿನ ಕೆಳಗೆ ಕೂರುವವರು ಮನೆಗೆ ಹೋದ ಬಳಿಕ, ಅದೇ ಕಚೇರಿಯ ಹೊಸ ಕಟ್ಟಡಕ್ಕೆ ಸೆಂಟ್ರಿಂಗ್ ಹೊಡೆಯುವವನು ಸೂರ್ಯನ ಕೆಳಗೇ ಇರುತ್ತಾನೆ.

ರೇಸ್ ನೋಡಬಾರದೆಂದು ನಾವು ಹೇಳುತ್ತಿಲ್ಲ. ನಾವೂ ನೋಡುತ್ತೇವೆ, ಕೂಗುತ್ತೇವೆ. ಆದರೆ ರೇಸಿನ ವಾರ ಹವಾಮಾನ ವರದಿ ಓದುವಾಗ ಈಗ ಟೈರಿನ ಜೊತೆ ಇನ್ನೊಂದು ಲೆಕ್ಕವೂ ಮನಸ್ಸಿಗೆ ಬರುತ್ತದೆ. ಕಳೆದ ಸಲ ಊರಿಗೆ ಹೋದಾಗ ಕಾಕನನ್ನು ಕಂಡೆವು. ಹಳೆಯ ಮಾತೆಲ್ಲ ಬಂತು. ಇಪ್ಪತ್ತು ವರ್ಷದ ಹಿಂದಿನ ಆ ಸುಳ್ಳನ್ನು ಕುಂದಾಪುರದವನು ಅಂದು ಒಪ್ಪಿಕೊಂಡ.

“ಅದು ನನಗೆ ಅಂದೇ ಗೊತ್ತಿತ್ತು ಮಗಾ” ಎಂದರು ಕಾಕ. “ನಿನ್ನ ಮುಖ ಸುಟ್ಟು ಕೆಂಪಗಾಗಿತ್ತಲ್ಲ.”